ದಣಿವಿನ ಲೆಕ್ಕ

ದುಡಿಯುವವನಿಗೆ ದಣಿವು ಸಹಜವಾದುದು. ಹಗಲೆಲ್ಲ ಹೊಲದಲ್ಲಿ ಬೆವರು ಸುರಿಸಿದ ಒಕ್ಕಲಿಗನು ರಾತ್ರಿ ಉಂಡು ಮಲಗಿದನೆಂದರೆ ಬೆಳಗಾಗುವಷ್ಟರಲ್ಲಿ ಹೊಸ ಮನುಷ್ಯನಾಗಿ ಏಳುತ್ತಾನೆ. ಇಂತಹ ದಣಿವು ನಿದ್ರೆಗೆ ರುಚಿಯನ್ನು ಕೊಡುವುದೇ ಹೊರತು ಬಾಳಿಗೆ ಭಾರವಾಗುವುದಿಲ್ಲ. ಆದರೆ ಇನ್ನೊಂದು ಬಗೆಯ ದಣಿವುಂಟು. ಅದು ನಿದ್ರೆಗೆ ಮಣಿಯುವುದಿಲ್ಲ, ರಜೆಗೆ ಜಗ್ಗುವುದಿಲ್ಲ. ಎಂಟು ಗಂಟೆ ಮಲಗಿ ಎದ್ದವನನ್ನು ಎಂಟು ಹರದಾರಿ ನಡೆದು ಬಂದವನಂತೆ ಮಾಡಿಬಿಡುತ್ತದೆ. 2022ರಿಂದ ಈಚೆಗೆ ನಾವು ಈ ಎರಡನೆಯ ದಣಿವಿನೊಡನೆ ಬಾಳುತ್ತಿದ್ದೇವೆ. ಆ ಅನುಭವದಲ್ಲಿ ಕೆಲವಂಶವಾದರೂ ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಉದ್ಯೋಗವು ಒಂದು ಬ್ಯಾಂಕಿನ ಶಾಖೆಯಲ್ಲಿ ಲೆಕ್ಕಪತ್ರಗಳ ಮೇಲ್ವಿಚಾರಣೆ. ಮಾರ್ಚ್ 31 ಸಮೀಪಿಸಿತೆಂದರೆ ರಾತ್ರಿ ಹತ್ತಾದರೂ ಮನೆಯ ಮುಖವನ್ನು ಕಾಣದಂತಹ ಕೆಲಸ. ಆ ವರ್ಷದ ಜನವರಿಯಲ್ಲಿ ಊರಿಗೆಲ್ಲ ಬಂದ ಕೋವಿಡ್ ಜ್ವರವು ನಮಗೂ ಬಂದು ಐದು ದಿನಕ್ಕೆ ಇಳಿಯಿತು. ಜ್ವರವೇನೋ ಹೋಯಿತು, ಹೋಗುವಾಗ ಮೈಯ ತ್ರಾಣವನ್ನೂ ಕೊಂಡೊಯ್ದಿತು. ಕಚೇರಿಯ ಮೆಟ್ಟಿಲುಗಳನ್ನು ಹತ್ತುವಾಗ ನಡುವೆ ಗೋಡೆ ಹಿಡಿದು ನಿಲ್ಲಬೇಕಾಯಿತು. ಇಪ್ಪತ್ತೈದು ವರ್ಷ ಅಂಕಿಗಳೊಡನೆ ಬಾಳಿದ ನಾವು ಒಂದೇ ಮೊತ್ತವನ್ನು ಮೂರು ಸಲ ಓದಿ ಮೂರು ಸಲವೂ ಮರೆತೆವು.

ಇಂತಹ ಸಮಯದಲ್ಲಿ ಹಿತವಚನಕ್ಕೇನೂ ಬಡತನವಿಲ್ಲ. ವಯಸ್ಸಾಯಿತೆಂದರು ಒಬ್ಬರು; ಮುಂಜಾನೆ ಎದ್ದು ಓಡಬೇಕೆಂದರು ಇನ್ನೊಬ್ಬರು; ಅತ್ತೆಯವರು ದೃಷ್ಟಿ ನಿವಾಳಿಸಿದರು. ಆದರೆ ಎಲ್ಲರಿಗಿಂತ ಕಠಿಣವಾಗಿ ಮಾತಾಡಿದುದು ನಮ್ಮ ಮನಸ್ಸೇ. ಇದು ಸೋಮಾರಿತನವಲ್ಲದೆ ಮತ್ತೇನೆಂದು ಅದು ಕೇಳಿತು. ಆ ಪ್ರಶ್ನೆಯೊಡನೆ ಹಳೆಯದೊಂದು ನೆನಪೂ ಎದ್ದು ನಿಂತಿತು. ಹಲವು ವರ್ಷಗಳ ಹಿಂದೆ ನಮ್ಮ ಕೈಕೆಳಗಿದ್ದ ಒಬ್ಬ ತರುಣ ಗುಮಾಸ್ತರು ಡೆಂಗೆ ಜ್ವರದಿಂದ ಎದ್ದು ಬಂದು, ತಿಂಗಳುಗಳು ಕಳೆದರೂ "ಬಹಳ ಸುಸ್ತು ಸಾರ್" ಎನ್ನುತ್ತಿದ್ದರು. "ಸುಸ್ತು ಯಾರಿಗಿಲ್ಲ? ಕೆಲಸ ಮಾಡಿ, ತಾನೇ ಹೋಗುತ್ತದೆ" ಎಂದು ಹತ್ತು ಜನರೆದುರಿಗೆ ಅವರಿಗೆ ಹೇಳಿದವರು ನಾವು. ಆತ ಮರುಮಾತಾಡದೆ ವರ್ಗ ಬೇಡಿ ಬೇರೆ ಊರಿಗೆ ಹೋದರು.

ವೈದ್ಯರು ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಬಿ12 ಜೀವಸತ್ವ ಎಲ್ಲವನ್ನೂ ಪರೀಕ್ಷಿಸಿದರು. ನಿದ್ರೆಯಲ್ಲಿ ಉಸಿರು ಕಟ್ಟುವುದೇ, ಮನಸ್ಸಿಗೆ ಖಿನ್ನತೆಯುಂಟೇ ಎಂದೂ ವಿಚಾರಿಸಿದರು. ಬಳಲಿಕೆಗೆ ಇವೆಲ್ಲವೂ ಸಾಮಾನ್ಯ ಕಾರಣಗಳು, ಚಿಕಿತ್ಸೆಯುಳ್ಳವು, ಆದುದರಿಂದ ಮೊದಲು ಇವನ್ನು ನೋಡಿಸುವುದೇ ವಿವೇಕ. ನಮ್ಮ ಪಾಲಿಗೆ ಎಲ್ಲವೂ ಸರಿಯಾಗಿದ್ದವು. ಕಾಗದದ ಮೇಲೆ ಎಲ್ಲವೂ ಸರಿಯಾಗಿದ್ದು ಮೈಯೊಂದು ಸರಿಯಿಲ್ಲದಿರುವ ದುಃಖವನ್ನು ಅನುಭವಿಸಿದವರೇ ಬಲ್ಲರು.

ಕೊನೆಗೆ ಹಿರಿಯ ವೈದ್ಯರೊಬ್ಬರು ದೀರ್ಘಕಾಲದ ಬಳಲಿಕೆಯ ರೋಗವಿರಬಹುದೆಂದು ಸಂದೇಹಪಟ್ಟರು. ಸಂದೇಹವೆನ್ನಲು ಕಾರಣ, ಇದನ್ನು ಖಚಿತವಾಗಿ ತೋರಿಸುವ ರಕ್ತಪರೀಕ್ಷೆ ಇಂದಿಗೂ ಇಲ್ಲ. 2015ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಇದರ ಗುರುತುಗಳನ್ನು ಹೇಳಿತು: ಆರು ತಿಂಗಳಿಗೆ ಮೀರಿ ಕೆಲಸದ ಶಕ್ತಿಯನ್ನು ಕುಗ್ಗಿಸುವ ಬಳಲಿಕೆ, ದಣಿವಾರಿಸದ ನಿದ್ರೆ, ಶ್ರಮದ ತರುವಾಯ ಎಲ್ಲವೂ ಉಲ್ಬಣಿಸುವುದು, ಇವುಗಳ ಜೊತೆಗೆ ಬುದ್ಧಿಗೆ ಮಂಕು, ಇಲ್ಲವೆ ನೆಟ್ಟಗೆ ನಿಂತಿದ್ದಾಗ ಹೆಚ್ಚುವ ತೊಂದರೆ. ಇದನ್ನು ನಂಬದಿದ್ದವರು ನಾವೊಬ್ಬರೇ ಅಲ್ಲ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಇಂತಹುದೇ ಕಾಯಿಲೆಯಿಂದ ಇನ್ನೂರಕ್ಕೂ ಮಿಕ್ಕ ಜನರು ಮಲಗಿದರು. ಅವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಸಿಬ್ಬಂದಿಯೇ. ಹದಿನೈದು ವರ್ಷಗಳ ತರುವಾಯ, 1970ರಲ್ಲಿ, ಇಬ್ಬರು ಮನೋವೈದ್ಯರು ಅದು ಸಾಮೂಹಿಕ ಉನ್ಮಾದವೆಂದು ಬರೆದುಬಿಟ್ಟರು. ದಿನದಿನಕ್ಕೂ ವ್ಯಾಯಾಮವನ್ನು ಹೆಚ್ಚಿಸುತ್ತ ಹೋದರೆ ಗುಣವಾಗುವುದೆಂಬ ಸಲಹೆಯೂ ಬಹುಕಾಲ ನಡೆದಿತ್ತು. 2021ರಲ್ಲಿ ಇಂಗ್ಲೆಂಡಿನ ವೈದ್ಯಕೀಯ ಮಾರ್ಗಸೂಚಿಯು ಅದನ್ನು ಕೈಬಿಟ್ಟಿತು.

ಶ್ರಮದ ತರುವಾಯ ಉಲ್ಬಣಿಸುವುದೆಂಬ ಮಾತಿನ ಅರ್ಥವು ನಮಗೆ ಆ ವರ್ಷದ ದೀಪಾವಳಿಯಲ್ಲಿ ತಿಳಿಯಿತು. ಭಾನುವಾರ ಮೈ ಹಗುರವಾಗಿದ್ದಿತು. ಹುಮ್ಮಸ್ಸಿನಿಂದ ಅಟ್ಟವನ್ನೆಲ್ಲ ಇಳಿಸಿ ಗುಡಿಸಿದೆವು. ಸೋಮವಾರವೂ ಚೆನ್ನಾಗಿಯೇ ಇದ್ದೆವು. ಮಂಗಳವಾರ ಬೆಳಿಗ್ಗೆ ಹಾಸಿಗೆಯಿಂದ ಕೈ ಎತ್ತುವುದೂ ಅಸಾಧ್ಯವಾಯಿತು. ಹಬ್ಬವು ಹಾಸಿಗೆಯಲ್ಲಿಯೇ ಕಳೆಯಿತು. ಸಾಲವನ್ನು ಇಂದು ಪಡೆದು, ಬಡ್ಡಿಯನ್ನು ನಾಡಿದ್ದು ತೆರುವಂತಹ ವ್ಯವಹಾರವಿದು.

ಲೆಕ್ಕದವರಿಗೆ ಲೆಕ್ಕವೇ ಗತಿ. ಅಂದಿನಿಂದ ಒಂದು ಪುಸ್ತಕವನ್ನಿಟ್ಟು, ಮಾಡಿದ ಕೆಲಸವನ್ನೂ ಮುಂದಿನ ಎರಡು ದಿನಗಳ ಸ್ಥಿತಿಯನ್ನೂ ಬರೆಯತೊಡಗಿದೆವು. ಎರಡು ಗಂಟೆ ಕುಳಿತು ಲೆಕ್ಕ ನೋಡುವುದಕ್ಕಿಂತ ಅರ್ಧ ಗಂಟೆ ನಿಂತು ವಾದಿಸುವುದಕ್ಕೆ ಹೆಚ್ಚು ಖರ್ಚೆಂದು ಅದರಿಂದ ತಿಳಿಯಿತು. ಕಠಿಣವಾದ ಲೆಕ್ಕಗಳನ್ನು ಹನ್ನೆರಡರೊಳಗೆ ಮುಗಿಸುವುದು. ಊಟದ ತರುವಾಯ, ದಣಿಯುವುದಕ್ಕೆ ಮುಂಚೆಯೇ, ಕಾಲು ಗಂಟೆ ಕಣ್ಣು ಮುಚ್ಚುವುದು. ಸ್ನಾನವನ್ನು ಮಣೆಯ ಮೇಲೆ ಕುಳಿತು ಮಾಡುವುದು. ಮದುವೆಗೆ ಅಕ್ಷತೆಯ ಹೊತ್ತಿಗೆ ಹೋಗಿ ಬರುವುದು. ಇನ್ನೂ ಸ್ವಲ್ಪ ಮಾಡಬಹುದೆನ್ನಿಸುವಾಗಲೇ ನಿಲ್ಲಿಸುವುದು, ಇದೇ ಎಲ್ಲಕ್ಕಿಂತ ಕಷ್ಟವಾದುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಹಿರಿಯರು ಹಣಕ್ಕೆಂದು ಹೇಳಿದರು. ತ್ರಾಣಕ್ಕೂ ಅದೇ ನೀತಿ. ಇದರಿಂದ ರೋಗವು ಹೋಗಲಿಲ್ಲ. ಮಂಗಳವಾರಗಳು ಮಾತ್ರ ವಿರಳವಾದುವು.

ಆದರೂ ಮಾರ್ಚ್ ತಿಂಗಳಿಗೆ ಯಾವ ಲೆಕ್ಕವೂ ಸಾಲದು. ಮೇಲ್ವಿಚಾರಣೆಯನ್ನು ಬಿಟ್ಟು ಚಿಕ್ಕ ಹೊಣೆಯನ್ನು ಬೇಡಬೇಕಾಯಿತು. ಅರ್ಜಿಯನ್ನು ಬರೆದು ಮೂರು ವಾರ ಜೇಬಿನಲ್ಲಿಯೇ ಇಟ್ಟುಕೊಂಡು ತಿರುಗಿದೆವು. ಒಗೆಯುವುದಕ್ಕೆ ಅಂಗಿಯನ್ನು ತೆಗೆದುಕೊಂಡ ನಮ್ಮ ಮನೆಯವರ ಕೈಗೆ ಅದು ಸಿಕ್ಕಿತು. "ಹುದ್ದೆ ಮನೆಗೆ ಬಂದು ಊಟ ಮಾಡುವುದಿಲ್ಲ. ನೀವು ಬಂದರೆ ಸಾಕು" ಎಂದು ಅವರು ಅರ್ಜಿಯನ್ನು ಮೇಜಿನ ಮೇಲಿಟ್ಟರು. ಮರುದಿನ ಅದನ್ನು ಕೊಟ್ಟೆವು. ವರಮಾನ ಸ್ವಲ್ಪ ಇಳಿಯಿತು; ಉದ್ಯೋಗ ಉಳಿಯಿತು.

ಆ ತರುಣರ ವಿಳಾಸವನ್ನು ಹುಡುಕಿ ಒಂದು ಕಾಗದವನ್ನೂ ಬರೆದೆವು. ಅವರು ವರ್ಷದ ಮೇಲೆ ಗುಣವಾದರಂತೆ. ಉತ್ತರದಲ್ಲಿ ಕೋಪವಿರಲಿಲ್ಲ. "ಅಂದು ನೀವು ಕುಳಿತುಕೊಳ್ಳಿ ಎಂದಿದ್ದರೆ ಸಾಕಾಗಿತ್ತು ಸಾರ್" ಎಂದಷ್ಟೇ ಇದ್ದಿತು.

ವಾಚಕರ ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ಸುಸ್ತೆಂದು ಹೇಳುತ್ತಿದ್ದರೆ ವೈದ್ಯರಲ್ಲಿಗೆ ಅವಶ್ಯವಾಗಿ ಕರೆದುಕೊಂಡು ಹೋಗಲಿ. ಅದಕ್ಕೆ ಮೊದಲು ಕುಳಿತುಕೊಳ್ಳಲು ಹೇಳಲಿ.