ಸಪ್ಲೈಯರ್ ಇಂಗ್ಲಿಷ್

ಹೋಟೆಲಿನ ಸಪ್ಲೈಯರ್‌ಗೆ ಬೇಕಾದ ಇಂಗ್ಲಿಷ್ ಬಹಳವೇನಿಲ್ಲ. ಬಂದವರನ್ನು ಕೂರಿಸುವುದು, ಏನು ಬೇಕೆಂದು ಕೇಳುವುದು, ಇಲ್ಲದ್ದನ್ನು ಇಲ್ಲವೆನ್ನುವುದು, ತಡವಾದರೆ ಸಮಾಧಾನ ಹೇಳುವುದು, ಬಿಲ್ಲು ಕೊಟ್ಟು ಕಳಿಸುವುದು. ಇಷ್ಟಕ್ಕೆ ಇಪ್ಪತ್ತು ವಾಕ್ಯ ಧಾರಾಳ. ಅದರಲ್ಲಿ ಅರ್ಧ ಸರಕು ಅವನ ಬಾಯಲ್ಲಿ ಆಗಲೇ ಇದೆ. ಮೀಲ್ಸ್, ಟಿಫಿನ್, ಪಾರ್ಸಲ್, ಪ್ಲೇಟ್, ಎಕ್ಸ್ಟ್ರಾ, ಬಿಲ್, ಚೇಂಜ್, ಟೋಕನ್: ಇವನ್ನೆಲ್ಲ ಇಂಗ್ಲಿಷೆಂದು ಯಾರೂ ಎಣಿಸುವುದೂ ಇಲ್ಲ. ನಾಮಪದ ಬೇಕಾದಷ್ಟಿದೆ, ಕ್ರಿಯಾಪದಕ್ಕೆ ಬರ. ಮಾತಿಗೆ ಹಚ್ಚಬೇಕಾದ ಮರ್ಯಾದೆಗೆ ಇನ್ನೂ ಬರ.

ಹೊಸೂರಿನಲ್ಲಿ ಈ ಬರ ಬೇಗ ಕಣ್ಣಿಗೆ ಬೀಳುತ್ತದೆ. ಊರು ಬೆಂಗಳೂರಿನಿಂದ ಸುಮಾರು 40 ಕಿ.ಮೀ.; ಅತ್ತಿಬೆಲೆ ದಾಟಿದರೆ ತಮಿಳುನಾಡು. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ಹೊಸೂರನ್ನು ಹಾದು ಶೂಲಗಿರಿ, ಕೃಷ್ಣಗಿರಿ ಕಡೆ ಇಳಿಯುತ್ತದೆ. ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಇಲ್ಲಿ ಮನೆಮಾತುಗಳೇ. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂತು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ತೆರೆಯಿತು. ಟಿವಿಎಸ್ ಮೊಪೆಡ್ಡೂ ಟೈಟನ್ ಗಡಿಯಾರವೂ ಅದೇ ದಶಕದಲ್ಲಿ ಇಲ್ಲಿಂದ ಹೊರಟವು. ಕಾರ್ಖಾನೆಗಳ ಹಿಂದೆಯೇ ಪುಣೆ, ಜಮ್ಶೆಡ್‌ಪುರದ ಎಂಜಿನಿಯರುಗಳು ಬಂದರು, ಆಗೊಮ್ಮೆ ಈಗೊಮ್ಮೆ ಹೊರದೇಶದವರೂ ಬಂದರು. ಇವರೆಲ್ಲರೂ ಮಧ್ಯಾಹ್ನ ಊಟ ಮಾಡಲೇಬೇಕಿತ್ತು.

ಈ ಸೀಮೆಗೆ ಇಂಗ್ಲಿಷ್ ಬಂದದ್ದು ಅದಕ್ಕೂ ಬಹಳ ಹಿಂದೆ. ಟಿಪ್ಪು ಸುಲ್ತಾನನೊಂದಿಗೆ 1792ರಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಕೃಷ್ಣಗಿರಿ ಅದರೊಳಗಿನ ಊರು. ಕಂದಾಯ ಗೊತ್ತುಮಾಡಲು ಅಲೆಕ್ಸಾಂಡರ್ ರೀಡ್, ಥಾಮಸ್ ಮನ್ರೋ ಮೊದಲಾದವರು ಬಂದು ಇಲ್ಲಿ ವರ್ಷಗಟ್ಟಲೆ ಇದ್ದರು. ಕಚೇರಿಯ ಇಂಗ್ಲಿಷ್ ಕಾಗದದ ಮೇಲೆ ಉಳಿಯಿತು. ಬಾಯಿಂದ ಬಾಯಿಗೆ ಹಬ್ಬಿದ ಇಂಗ್ಲಿಷ್ ಬೇರೆ; ಅದು ಮದ್ರಾಸ್ ಪ್ರಾಂತ್ಯದ ಬಂಗಲೆಗಳ ಅಡುಗೆಮನೆಯಲ್ಲಿ ಹುಟ್ಟಿದ್ದು. ಅದಕ್ಕೆ ಬಟ್ಲರ್ ಇಂಗ್ಲಿಷ್ ಎಂದೇ ಹೆಸರು. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಸೇರಿ ರಚಿಸಿದ, 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟು ಇದರ ವ್ಯಾಕರಣವನ್ನೂ ಗುರುತಿಸಿದೆ: ‘ಐ ಟೆಲ್ಲಿಂಗ್’ ಎಂದರೆ ಹೇಳುತ್ತೇನೆ, ‘ಐ ಡನ್ ಟೆಲ್’ ಎಂದರೆ ಹೇಳಿಯಾಯಿತು. ನಗಲಿಕ್ಕೆಂದು ದೊರೆಗಳು ಇದನ್ನು ಎತ್ತಿ ಆಡಿದ್ದುಂಟು. ಆದರೆ ಊಟ ಮಾತ್ರ ಹೊತ್ತಿಗೆ ಸರಿಯಾಗಿ ಮೇಜಿಗೆ ಬರುತ್ತಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಬಂಗಲೆಯಿಂದ ಇಳಿದು ಹೋಟೆಲಿನ ಬೋರ್ಡಿಗೆ ಏರಿತು. 1924ರಲ್ಲಿ ಬೆಂಗಳೂರಿನಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಎಂದು ಶುರುವಾದದ್ದು ಮುಂದೆ ಮಾವಳ್ಳಿ ಟಿಫಿನ್ ರೂಂಸ್ ಆಯಿತು. ಉಡುಪಿ ಸೀಮೆಯ ಕೆ. ಕೃಷ್ಣರಾಯರು 1938ರಲ್ಲಿ ಮದ್ರಾಸಿನಲ್ಲಿ ತೆರೆದ ಹೋಟೆಲಿಗೆ ವುಡ್‌ಲ್ಯಾಂಡ್ಸ್ ಎಂದು ಹೆಸರು. ಬೋರ್ಡು ಇಂಗ್ಲಿಷು, ಒಳಗಿನ ಕೂಗು ಕನ್ನಡ ತಮಿಳು. ಬೆಂಗಳೂರಿಗೂ ಮದ್ರಾಸಿಗೂ ನಡುವಿನ ದಾರಿಯಲ್ಲಿರುವ ಹೊಸೂರು, ಕೃಷ್ಣಗಿರಿಗಳಿಗೆ ಎರಡು ಕಡೆಯ ಪದ್ಧತಿಯೂ ಬಂತು.

ಈ ಪ್ರಬಂಧದ ಲೇಖಕ ಹುಡುಗನಾಗಿದ್ದ 1980ರ ದಶಕದಲ್ಲಿ ಹೊಸೂರು ಬಸ್ ಸ್ಟ್ಯಾಂಡಿನ ಬಳಿಯ ಒಂದು ಹೋಟೆಲಿನಲ್ಲಿ ಕುಂದಾಪುರದ ಕಡೆಯ ಸಪ್ಲೈಯರ್ ಒಬ್ಬನಿದ್ದ. ಕಿವಿಯ ಮೇಲೆ ಪೆನ್ಸಿಲ್ಲು, ಹೆಗಲ ಮೇಲೆ ಒದ್ದೆ ಬಟ್ಟೆ. ಬಂದವರ ಪಂಚೆಯ ಅಂಚು, ಹಣೆಯ ಗುರುತು ನೋಡಿಯೇ ಭಾಷೆ ಆರಿಸುತ್ತಿದ್ದ: ಒಬ್ಬರಿಗೆ ‘ಏನ್ ಕೊಡ್ಲಿ?’, ಪಕ್ಕದವರಿಗೆ ‘ಎನ್ನ ವೇಣುಂ?’, ಎದುರಿನವರಿಗೆ ‘ಏಂ ಕಾವಾಲಿ?’. ಪ್ಯಾಂಟು ಹಾಕಿ ಕಂಪನಿಯ ಬ್ಯಾಡ್ಜ್ ಸಿಕ್ಕಿಸಿದವರು ಕೂತರೆ ಮಾತ್ರ ‘ಯೆಸ್ ಸರ್’ ಎಂದು ನಿಂತುಬಿಡುತ್ತಿದ್ದ. ಆಮೇಲೆ ಇಡ್ಲಿವಡೆಪೂರಿಸೆಟ್‌ದೋಸೆಮಸಾಲೆ ಎಂದು ಒಂದೇ ಉಸಿರಿನ ಪಟ್ಟಿ. ಅವರು ಏನಾದರೂ ಮರುಪ್ರಶ್ನೆ ಹಾಕಿದರೆ ಗಲ್ಲಾದ ಕಡೆ ನೋಡುತ್ತಿದ್ದ. ಮೂರು ಭಾಷೆಯಲ್ಲಿ ಹರಿಯುತ್ತಿದ್ದ ಬಾಯಿ ನಾಲ್ಕನೆಯದರಲ್ಲಿ ನಿಂತದ್ದು ನಾಲ್ಕು ವಾಕ್ಯ ಕಲಿಸುವವರಿಲ್ಲದೆ.

ಆ ವಾಕ್ಯಗಳನ್ನು ಗಿರಾಕಿ ಬಾಗಿಲು ದಾಟಿದ ಕ್ರಮದಲ್ಲೇ ನೋಡಬಹುದು. ಮೊದಲನೆಯದು ‘ಗುಡ್ ಆಫ್ಟರ್‌ನೂನ್, ಸರ್. ಹೌ ಮೆನಿ ಪೀಪಲ್?’ ಎಷ್ಟು ಜನ ಎಂದು ತಿಳಿದ ಮೇಲೆ ‘ಪ್ಲೀಸ್ ಸಿಟ್ ಹಿಯರ್.’ ಜಾಗ ಇಲ್ಲದಿದ್ದರೆ ‘ಪ್ಲೀಸ್ ವೇಟ್ ಫೈವ್ ಮಿನಿಟ್ಸ್’. ಐದು ನಿಮಿಷವೆಂದರೆ ಐದೇ ಆಗಿರಬೇಕು. ನೀರಿನ ಪ್ರಶ್ನೆ ಕೂಡಲೇ ಬರುತ್ತದೆ: ‘ರೆಗ್ಯುಲರ್ ವಾಟರ್ ಆರ್ ಬಾಟಲ್ ವಾಟರ್?’ ಕೇಳದೆ ಬಾಟಲಿ ಒಡೆದಿಟ್ಟು ಬಿಲ್ಲಿಗೆ ಸೇರಿಸುವುದು ಯಾವ ಭಾಷೆಯಲ್ಲೂ ಮರ್ಯಾದೆಯಲ್ಲ.

ಆರ್ಡರ್ ಕೇಳುವಾಗ ಬಾಯಿಗೆ ಸುಲಭವಾಗಿ ಬರುವುದು ‘ವಾಟ್ ಯು ವಾಂಟ್?’ ಕನ್ನಡದಲ್ಲಿ ‘ಏನ್ ಬೇಕು ಸಾರ್?’ ಎಂದರೆ ಒರಟಿಲ್ಲ. ಇಂಗ್ಲಿಷಿನಲ್ಲಿ ಅದೇ ಮಾತು ಜಗಳಕ್ಕೆ ಕರೆದ ಹಾಗೆ ಕೇಳುತ್ತದೆ. ‘ವಾಟ್ ವುಡ್ ಯು ಲೈಕ್ ಟು ಹ್ಯಾವ್, ಸರ್?’ ಎಂಬುದನ್ನು ಒಂದೇ ಪದದಂತೆ ಬಾಯಿಪಾಠ ಮಾಡಿಟ್ಟುಕೊಳ್ಳುವುದು ಲೇಸು. ‘ಮೇ ಐ ಟೇಕ್ ಯುವರ್ ಆರ್ಡರ್?’ ಕೂಡ ಆದೀತು. ಆರ್ಡರ್ ಆದ ಮೇಲೆ ಅದನ್ನು ತಿರುಗಿ ಓದಿ ಹೇಳಬೇಕು: ‘ಟೂ ಮೀಲ್ಸ್, ಒನ್ ಕರ್ಡ್ ರೈಸ್. ಎನಿಥಿಂಗ್ ಎಲ್ಸ್?’ ಅರ್ಧ ತಗಾದೆ ಇಲ್ಲೇ ನಿಲ್ಲುತ್ತದೆ.

ತಿಂಡಿಯನ್ನು ವಿವರಿಸುವುದು ಕಷ್ಟದ ಭಾಗ. ‘ಹಾಟ್’ ಎಂಬ ಮಾತು ಬಿಸಿಗೂ ಖಾರಕ್ಕೂ ಒಂದೇ ಆದ್ದರಿಂದ ಖಾರಕ್ಕೆ ‘ಸ್ಪೈಸಿ’ ಎನ್ನುವುದು ಸುರಕ್ಷಿತ: ‘ಇಟ್ ಈಸ್ ವೆರಿ ಸ್ಪೈಸಿ. ಶಲ್ ಐ ಮೇಕ್ ಇಟ್ ಲೆಸ್ ಸ್ಪೈಸಿ?’ ದೋಸೆಗೆ ‘ರೈಸ್ ಅಂಡ್ ಲೆಂಟಿಲ್ಸ್’ ಎಂದರೆ ಸಾಕು. ‘ಬೈ ಟು ಕಾಫಿ’ ಹೊರಗಿನವರಿಗೆ ಲೆಕ್ಕದಂತೆ ಕೇಳುತ್ತದೆ. ‘ಒನ್ ಕಾಫಿ, ಟೂ ಕಪ್ಸ್’ ಎಂದರೆ ತಿಳಿಯುತ್ತದೆ. ಈ ಸೀಮೆ ರಾಗಿಯ ನಾಡು, ಹಾಗಾಗಿ ಮುದ್ದೆಗೂ ಒಂದು ವಾಕ್ಯ ಬೇಕು. ಡೆಂಕಣಿಕೋಟೆ ರಸ್ತೆಯ ಒಂದು ಮೆಸ್ಸಿನಲ್ಲಿ ಉತ್ತರದ ಎಂಜಿನಿಯರೊಬ್ಬರು ಮುದ್ದೆಯನ್ನು ಚಮಚದಿಂದ ಕತ್ತರಿಸಿ ಅಗಿಯತೊಡಗಿದಾಗ, ಬಡಿಸುತ್ತಿದ್ದ ಹುಡುಗ ಕೈಯಲ್ಲೇ ಒಂದು ತುತ್ತು ಮುರಿದ ಅಭಿನಯ ಮಾಡಿ, ‘ಡೋಂಟ್ ಚ್ಯೂ, ಸರ್. ಡಿಪ್ ಅಂಡ್ ಸ್ವಾಲೋ’ ಎಂದ. ಕ್ರಿಯಾಪದ ಮೂರೂ ಇದ್ದವು, ಕೆಲಸವಾಯಿತು. ಕೊನೆಯದಾಗಿ ಕೇಳಬೇಕಾದದ್ದು ‘ಎನಿ ಅಲರ್ಜಿ, ಸರ್?’ ಶೇಂಗಾ ಚಟ್ನಿ ಬಡಿಸುವ ಕಡೆ ‘ದಿಸ್ ಹ್ಯಾಸ್ ಪೀನಟ್ಸ್’ ಎಂಬ ಮಾತು ಒಬ್ಬರ ಜೀವ ಉಳಿಸಬಲ್ಲದು.

ತಡವಾದಾಗ ಎಲ್ಲ ಹೋಟೆಲಿನಲ್ಲೂ ಕೇಳುವುದು ‘ಕಮಿಂಗ್ ಸರ್, ಕಮಿಂಗ್.’ ಯೂಲ್, ಬರ್ನೆಲ್ ಬರೆದಿಟ್ಟ ಬಟ್ಲರ್ ವ್ಯಾಕರಣ ಅಲ್ಲಾಡದೆ ನಿಂತಿರುವುದು ಇಲ್ಲೇ: ಬರಲಿರುವುದೂ ಬರುತ್ತಲೇ ಇದೆ. ಹಸಿದವನಿಗೆ ಹೊತ್ತು ಹೇಳಿದರೆ ಹಿತ: ‘ಸಾರಿ ಫಾರ್ ದ ಡಿಲೇ. ಇಟ್ ವಿಲ್ ಟೇಕ್ ಟೆನ್ ಮಿನಿಟ್ಸ್.’ ‘ಪೂರಿ ಓವರ್ ಸರ್’ ಎಂಬುದೂ ಅರ್ಥವಾಗುತ್ತದೆ, ಆದರೆ ಬಾಗಿಲು ಮುಚ್ಚಿದಂತಿರುತ್ತದೆ. ‘ಸಾರಿ, ಪೂರಿ ಈಸ್ ಓವರ್. ಸೆಟ್ ದೋಸೆ ಈಸ್ ರೆಡಿ’ ಎಂದರೆ ಇಲ್ಲವೆಂಬುದರ ಬೆನ್ನಿಗೇ ಇದೆ ಎಂಬುದೂ ಬರುತ್ತದೆ. ತಪ್ಪು ತಟ್ಟೆ ಬಂದಿದ್ದರೆ ವಾದ ಬೇಡ: ‘ಐ ವಿಲ್ ಚೇಂಜ್ ಇಟ್.’ ಊಟದ ನಡುವೆ ಒಮ್ಮೆ ‘ಈಸ್ ಎವೆರಿಥಿಂಗ್ ಆಲ್‌ರೈಟ್?’ ಎಂದರೆ ಸಾಕು. ಎರಡನೆಯ ಸಲ ಕೇಳಿದರೆ ಎಬ್ಬಿಸುತ್ತಿದ್ದಾರೆ ಎನಿಸುತ್ತದೆ.

ಬಿಲ್ಲಿನ ಹೊತ್ತಿಗೆ ‘ಶಲ್ ಐ ಬ್ರಿಂಗ್ ದ ಬಿಲ್?’, ಆಮೇಲೆ ‘ಕ್ಯಾಶ್, ಕಾರ್ಡ್ ಆರ್ ಯುಪಿಐ?’ ಸಾಮಾನ್ಯ ಹೋಟೆಲುಗಳಲ್ಲಿ ಜಿಎಸ್‌ಟಿ ಶೇ. 5; ಬಿಲ್ಲಿನಲ್ಲಿ ಅದು ಕೇಂದ್ರಕ್ಕೆ 2.5, ರಾಜ್ಯಕ್ಕೆ 2.5 ಎಂದು ಎರಡು ಸಾಲಾಗಿ ಬರುವುದರಿಂದ ಎರಡು ಸಲ ಹಾಕಿದ್ದೀರಿ ಎಂಬ ಆಕ್ಷೇಪಣೆ ಏಳುತ್ತದೆ. ‘ಟೋಟಲ್ ಟ್ಯಾಕ್ಸ್ ಈಸ್ ಫೈವ್ ಪರ್ಸೆಂಟ್, ಸರ್’ ಅದಕ್ಕೆ ಉತ್ತರ. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಗದ್ದಲದಲ್ಲಿ ಒಂದೇ ಆಗಿಬಿಡುತ್ತವೆ. ‘ಒನ್ ಫೈವ್’, ‘ಫೈವ್ ಜೀರೋ’ ಎಂದು ಬಿಡಿಸಿ ಹೇಳಬೇಕು. ಕಳಿಸಿಕೊಡುವಾಗ ‘ಥ್ಯಾಂಕ್ ಯು, ಪ್ಲೀಸ್ ಕಮ್ ಅಗೇನ್.’

ಈಗ ಹೆದ್ದಾರಿ ಹೋಟೆಲುಗಳಲ್ಲಿ ಬಡಿಸುವವರಲ್ಲಿ ಒಡಿಶಾ, ಬಿಹಾರ, ಅಸ್ಸಾಂ ಕಡೆಯ ಹುಡುಗರೂ ಇದ್ದಾರೆ. ತಮಿಳು, ಕನ್ನಡವನ್ನೇ ಅವರು ಕಿವಿಯಲ್ಲಿ ಕಲಿಯುತ್ತಿದ್ದಾರೆ. ಇಪ್ಪತ್ತು ಇಂಗ್ಲಿಷ್ ವಾಕ್ಯ ಅವರಿಗೆ ಭಾರವಲ್ಲ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿಗೆ ಒಲೆ ಹಚ್ಚುವ ಮೊದಲಿನ ಬಿಡುವಿನಲ್ಲಿ ದಿನಕ್ಕೊಂದರಂತೆ ಕಲಿಸುವುದು ಮಾಲೀಕರ ಕೆಲಸ. ಗಿರಾಕಿಯ ಪಾಲೂ ಒಂದಿದೆ. ‘ಏಯ್’ ಎಂದು ಚಿಟಿಕೆ ಹೊಡೆಯುವುದನ್ನು ಬಿಟ್ಟು ಅವರೂ ‘ಪ್ಲೀಸ್’, ‘ಥ್ಯಾಂಕ್ ಯು’ ಎಂಬ ಎರಡು ಮಾತು ಕಲಿತರೆ ಪಾಠ ಪೂರ್ತಿಯಾಗುತ್ತದೆ.