ಕೊಡಗಿನ ಎರಡನೆಯ ಆಯುಧ

ಮೈಸೂರಿನಿಂದ ಹೊರಟು ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಕುಶಾಲನಗರದ ಬಳಿ ಕಾವೇರಿಯ ಸೇತುವೆಯನ್ನು ಹಾಯ್ದೊಡನೆ ಪ್ರಯಾಣಿಕನು ಕೊಡಗನ್ನು ಸೇರುವನು. ಅಲ್ಲಿಂದ ಮುಂದೆ ದಾರಿಯು ಬೆಟ್ಟವನ್ನೇರುತ್ತ, ಕಾಫಿಯ ತೋಟಗಳ ನೆರಳಿನಲ್ಲಿ ಮಡಿಕೇರಿಗೆ ಹೋಗುತ್ತದೆ. ಈ ಸೀಮೆಯ ಚೆಲುವನ್ನು ಬಣ್ಣಿಸಿದವರು ಅನೇಕರು. ಆದುದರಿಂದ ವಾಚಕರ ಮುಂದೆ ನಾನಿಡುವುದು ಬೇರೊಂದು ಸಂಗತಿ: ಇಲ್ಲಿನ ಮನೆಗಳಲ್ಲಿ ಆಯುಧಕ್ಕಿರುವ ಸ್ಥಾನ.

ಮದುವೆಯ ಮನೆಯೊಂದನ್ನು ಹೊಕ್ಕರೆ ಅದು ತಾನಾಗಿಯೇ ಕಣ್ಣಿಗೆ ಬೀಳುವುದು. ಕುಪ್ಯವೆಂಬ ನಿಲುವಂಗಿಯನ್ನು ತೊಟ್ಟು, ನಡುವಿಗೆ ಚೇಲೆ ಎಂಬ ಕೆಂಪು ರೇಷ್ಮೆಯ ಪಟ್ಟಿಯನ್ನು ಬಿಗಿದ ಪುರುಷರ ಮುಂಭಾಗದಲ್ಲಿ, ಆ ಪಟ್ಟಿಗೆ ಸಿಕ್ಕಿಸಿದ ಪೀಚೆಕತ್ತಿಯಿರುತ್ತದೆ. ಅದರ ಒರೆಗೆ ಬೆಳ್ಳಿಯ ಕೆಲಸ. ಒಡಿಕತ್ತಿಯಾದರೋ ಅಗಲವಾದ, ಬಾಗಿದ ಅಲಗಿನದು. ಅದನ್ನು ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಹಿಡಿಕೆಗೆ ಸಿಕ್ಕಿಸುವರು. ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವುದು ಈ ಒಡಿಕತ್ತಿಯಿಂದಲೇ.

ಕೋವಿಯಿದ್ದವನಿಗೆ ಎರಡನೆಯ ಆಯುಧವೇಕೆ ಎಂದು ಕೇಳಬಹುದು. ಹಿಂದಿನ ಕೋವಿಗೆ ನಳಿಗೆಯ ಬಾಯಿಯಿಂದ ಮದ್ದನ್ನೂ ಗುಂಡನ್ನೂ ತುಂಬಿ ಗಜದಿಂದ ಇಡಿಯಬೇಕಾಗಿತ್ತು. ಒಮ್ಮೆ ಹಾರಿಸಿದರೆ, ಮತ್ತೆ ತುಂಬುವವರೆಗೆ ಅದು ಬರಿಯ ಕೋಲು. ಮಳೆಗಾಲದಲ್ಲಿ ಮದ್ದು ತೇವಗೊಂಡರಂತೂ ಅದೂ ಅಷ್ಟಕ್ಕಷ್ಟೆ. ಕೊಡಗಿನ ಮಳೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಗಾಯಗೊಂಡ ಹಂದಿಯು ಮೇಲೆ ಬಿದ್ದಾಗ ಕೈಗೆ ಎಟಕುವಂತೆ ಮೈಮೇಲೆಯೇ ಇರುವ ಅಲಗಿನ ಬೆಲೆ ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು.

1834ರಲ್ಲಿ ಆಂಗ್ಲರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ರಾಜ್ಯವನ್ನು ವಶಪಡಿಸಿಕೊಂಡರು. ಬಳಿಕ ದೇಶದ ಜನರಿಂದ ಆಯುಧಗಳನ್ನು ಕಸಿದುಕೊಳ್ಳುವ ಕಾನೂನಿನಿಂದ 1861ರಲ್ಲಿ ಕೊಡವರಿಗೆ ವಿನಾಯಿತಿ ದೊರೆಯಿತು. ಕೊಡವರೂ ಜಮ್ಮಾ ಹಿಡುವಳಿದಾರರೂ ಪರವಾನಗಿಯಿಲ್ಲದೆ ಕೋವಿಯನ್ನು ಇಟ್ಟುಕೊಳ್ಳುವ ಈ ಪದ್ಧತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಹೊರಡಿಸಿದ ಪ್ರಕಟಣೆಯಿಂದ 2029ರವರೆಗೆ ಮುಂದುವರಿಸಿದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು.

ಆದರೆ ಕಾನೂನಿಗಿಂತಲೂ ಕಟ್ಟುಪಾಡೇ ನನಗೆ ಹೆಚ್ಚಾಗಿ ತೋರುತ್ತದೆ. ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನ ಮೊದಲಲ್ಲಿ ಬರುವ ಕೈಲ್ ಪೊಳ್ದಿನಂದು ಕೋವಿ, ಕತ್ತಿಗಳನ್ನು ತೊಳೆದು, ತೋಕ್ ಪೂವೆಂಬ ಕೆಂಪು-ಹಳದಿಯ ಹೂವನ್ನು ಮುಡಿಸಿ ಪೂಜಿಸುವರು. ಹಿರಿಯನು ಕಿರಿಯರನ್ನು ಹರಸಿ ಆಯುಧವನ್ನು ಕೊಡುವನು. ಅನಂತರ ಕಡಂಬುಟ್ಟು, ಹಂದಿಮಾಂಸಗಳ ಊಟ. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಹೀಗೆ ಕೋವಿಯ ಸದ್ದೇ ಊರಿಗೆ ಸುದ್ದಿಯಾಗುತ್ತಿತ್ತು.

ಒಂದು ಮಾತನ್ನು ಗೃಹಸ್ಥರಾದ ವಾಚಕರಿಗೆ ಹೇಳಬೇಕು. ಮಕ್ಕಳು ಓಡಾಡುವ ಮನೆಯಲ್ಲಿ ಆಯುಧವು ಎರಡಾದರೆ ಕಾವಲೂ ಎರಡಾಗಬೇಕು. ಕೋವಿಯನ್ನು ಬರಿದುಮಾಡಿ ಬೀಗದೊಳಗಿಟ್ಟು, ತೋಟಾಗಳನ್ನು ಬೇರೆಡೆಯಲ್ಲಿರಿಸದಿದ್ದರೆ ರಕ್ಷಣೆಗೆಂದು ತಂದುದೇ ಮನೆಯವರಿಗೆ ಮೃತ್ಯುವಾದೀತು. ತೋಟದ ಅಂಚಿಗೆ ಆನೆ ಬರುವ ಊರಿನಲ್ಲಿ ಭಯವು ನಿಜವೇ ಹೌದು. ಆದರೆ ಹಬ್ಬದ ದಿನದ ಆ ಗೌರವವನ್ನು ಮಿಕ್ಕ ದಿನಗಳಲ್ಲಿ ಕಾಪಾಡುವುದು ಬೀಗವೇ.

ಪೀಚೆಕತ್ತಿಯು ಈಗ ಕಾಡಿಗೆ ಹೋಗುವುದು ಅಪರೂಪ. ಮಡಿಕೇರಿಯ ಅಂಗಡಿಗಳಲ್ಲಿ ಅದು ಬೆರಳುದ್ದಕ್ಕೆ ಕುಗ್ಗಿ, ಹೆಂಗಸರು ಸೀರೆಯ ಸೆರಗಿಗೆ ಸಿಕ್ಕಿಸುವ ಒಡವೆಯಾಗಿ ಮಾರಾಟವಾಗುತ್ತದೆ.