ತೊಣ್ಣೂರು ಸೀಮೆಯಲ್ಲಿ ಕಬ್ಬು ಸಾಗಿದ ದಾರಿ

ಮಂಡ್ಯ ಜಿಲ್ಲೆಯ ತೊಣ್ಣೂರು ಸೀಮೆಯ ಗದ್ದೆಗಳಿಂದ ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗುವ ದಾರಿಯ ಉದ್ದ ಇಂದಿಗೂ ಹೆಚ್ಚುಕಡಿಮೆ ಅಷ್ಟೇ ಇದ್ದರೂ, ಆ ಕಬ್ಬನ್ನು ಎಳೆಯುವ ಬಲ, ಅದನ್ನು ಅರೆಯುವ ಯಂತ್ರ, ಅದರ ಹಾಲನ್ನು ಕಾಯಿಸುವ ಉರುವಲು ಮತ್ತು ಈ ಕೆಲಸಗಳಲ್ಲಿ ತೊಡಗಿದವರ ಜೀವಕ್ಕೆ ಎದುರಾಗುವ ಅಪಾಯ, ಇವೆಲ್ಲವೂ ಎರಡು ತಲೆಮಾರುಗಳೊಳಗೆ ಪೂರ್ತಿ ಬದಲಾದುದನ್ನು ಇಲ್ಲಿನ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಸಾರಿಗೆ ಮತ್ತು ಶಕ್ತಿ ಎಂದು ಇಂದು ಎರಡು ಉದ್ಯಮಗಳಾಗಿ ಎಣಿಸುವುದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಕೃಷಿಬದುಕಿನಲ್ಲಿ ಒಂದೇ ಕೊಟ್ಟಿಗೆಯಲ್ಲಿತ್ತು. ಗಾಣ ತಿರುಗಿಸಿದ ಜೋಡಿಯೇ ಗಾಡಿಗೂ ಹೂಡಲ್ಪಡುತ್ತಿತ್ತು, ಅದರ ಸಗಣಿ ಹೊಲಕ್ಕೂ ಒಲೆಗೂ ಆಗುತ್ತಿತ್ತು, ಕಬ್ಬಿನ ಸಿಪ್ಪೆ ಕಬ್ಬಿನ ಹಾಲನ್ನೇ ಕಾಯಿಸುತ್ತಿತ್ತು. ಆ ಬದುಕು ಸುಖದ್ದಾಗಿತ್ತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಆದರೆ ಬಲದ ಮೂಲ ಬದಲಾದಾಗಲೆಲ್ಲ ಅಪಾಯದ ಹೊರೆಯೂ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಜಾರುತ್ತ ಬಂದಿದೆ, ಮತ್ತು ಹಾಗೆ ಜಾರಿದಾಗಲೆಲ್ಲ ಅದು ಮಾತನಾಡಲು ಅವಕಾಶ ಕಡಿಮೆ ಇದ್ದವರ ಮೇಲೆಯೇ ಬಿದ್ದಿದೆ.

ಈ ಸೀಮೆಗೆ ಕಬ್ಬು ಇಷ್ಟು ಹೇರಳವಾಗಿ ಬಂದದ್ದರ ಹಿಂದೆಯೂ ವಿದ್ಯುತ್ತಿನ ಕಥೆಯೊಂದಿದೆ. ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸತೊಡಗಿದ ಮೇಲೆ, ಬೇಸಿಗೆಯಲ್ಲಿ ಕಾವೇರಿಯ ಹರಿವು ಕುಗ್ಗಿ ಯಂತ್ರಗಳಿಗೆ ನೀರು ಸಾಲದಾಗುತ್ತಿದ್ದುದರಿಂದ, ಮೇಲ್ಭಾಗದಲ್ಲಿ ನೀರನ್ನು ಕಟ್ಟಿ ವರ್ಷವಿಡೀ ಸಮನಾಗಿ ಬಿಡುವ ವ್ಯವಸ್ಥೆ ಅಗತ್ಯವಾಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಇದು ಒಂದು ಮುಖ್ಯ ಕಾರಣ. ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಎಂದರೆ ಇಂದು ಜನರು ವಿ.ಸಿ. ನಾಲೆ ಎಂದು ಕರೆಯುವ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದಾಗ ರಾಗಿಯ ಹೊಲಗಳು ಗದ್ದೆಗಳಾದವು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು, ಮುಂದೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆಯೂ ಬಂತು. ವಿದ್ಯುತ್ತಿಗಾಗಿ ಕಟ್ಟಿದ ನೀರು ಕಬ್ಬನ್ನು ಬೆಳೆಸಿತು. ಕಬ್ಬು ಈ ಸೀಮೆಯ ರಸ್ತೆಗಳನ್ನು ತುಂಬಿತು.

ಕಬ್ಬಿನ ಸಾಗಣೆಗೆ ಒಂದು ಅವಸರ ಅದರ ಸ್ವಭಾವದಲ್ಲಿಯೇ ಇದೆ. ಕಡಿದ ಕಬ್ಬು ಗಂಟೆ ಗಂಟೆಗೂ ನೀರನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆ, ರೈತನಿಗೆ ಹಣ ಸಿಗುವುದು ತೂಕದ ಮೇಲೆ, ಕಟಾವಿನ ಆದೇಶ ಬರುವುದು ಕಾರ್ಖಾನೆಯ ಅನುಕೂಲದಂತೆ. ಈ ಮೂರು ಸೇರಿದಾಗ ಹೆಚ್ಚು ಹೇರುವುದು, ರಾತ್ರಿ ಹೊರಡುವುದು, ನಿದ್ದೆಗೆಟ್ಟು ನಡೆಸುವುದು ಯಾರೊಬ್ಬರ ಉಡಾಫೆಯೂ ಆಗಿರದೆ ವ್ಯಾಪಾರದ ಕಟ್ಟಳೆಯೇ ಆಗಿಬಿಡುತ್ತದೆ. ಎತ್ತಿನ ಗಾಡಿಯ ಕಾಲದಲ್ಲೂ ಈ ಅವಸರ ಇತ್ತು, ಟ್ರ್ಯಾಕ್ಟರಿನ ಕಾಲದಲ್ಲೂ ಇದೆ. ಬದಲಾದದ್ದು ಅದರ ವೇಗ ಮತ್ತು ಭಾರ.

ಮರದ ಚಕ್ರದ ಗಾಡಿಯನ್ನು ಹತ್ತಿರದಿಂದ ಕಂಡವರಿಗೆ ಅದರ ಒಂದೊಂದು ಅಂಗವೂ ನೆನಪಿದೆ. ಹಲಗೆಗಳನ್ನು ಜೋಡಿಸಿ ಅಂಚಿಗೆ ಕಾದ ಕಬ್ಬಿಣದ ಪಟ್ಟಿಯನ್ನು ಬಿಗಿದ ಚಕ್ರ, ಅದು ಅಚ್ಚಿನಿಂದ ಕಳಚದಂತೆ ಹೊಡೆದ ಕಡಾಣಿ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆಯನ್ನು ತುಂಬಿ ಗಾಡಿಗೆ ತೂಗುಹಾಕಿದ ಬಿದಿರ ಗೊಟ್ಟ, ಕತ್ತಲಾದ ಮೇಲೆ ಅಚ್ಚಿನ ಕೆಳಗೆ ತೂಗುತ್ತಿದ್ದ ಲಾಟೀನು, ಇವೆಲ್ಲ ಊರಿನ ಬಡಗಿ, ಕಮ್ಮಾರ, ರೈತರ ಕೈಯಲ್ಲೇ ಆಗುತ್ತಿದ್ದವು. ಕಬ್ಬಿನ ಹೊರೆಯ ಮೇಲೆ ಮಲಗಿದ ಗಾಡಿಯವನು ನಿದ್ದೆಹೋದರೂ ಎತ್ತುಗಳು ದಾರಿ ಬಿಡದೆ ಕಾರ್ಖಾನೆಯ ಅಂಗಳಕ್ಕೆ ತಲುಪಿಸುತ್ತಿದ್ದವೆಂದು ಹಿರಿಯರು ಹೇಳುವುದು ಉತ್ಪ್ರೇಕ್ಷೆಯಲ್ಲ. ವೇಗದ ಮಿತಿ ಎತ್ತಿನ ಕಾಲಿನಲ್ಲೇ ಇದ್ದುದರಿಂದ ಆ ಸಾಗಣೆ ದಾರಿಹೋಕರ ಪಾಲಿಗೆ ಸುರಕ್ಷಿತವಾಗಿತ್ತು. ಎತ್ತಿನ ಪಾಲಿಗೆ ಹಾಗಿರಲಿಲ್ಲ. ಹೆಗಲಿನ ಮೇಲೆ ಮರದ ನೊಗ ಉಜ್ಜಿ ಉಜ್ಜಿ ಆಗುತ್ತಿದ್ದ ಹುಣ್ಣು, ಇಳಿಜಾರಿನಲ್ಲಿ ಇಡೀ ಹೊರೆ ಕತ್ತಿನ ಮೇಲೆ ನೂಕುತ್ತಿದ್ದ ಹಿಂಸೆ, ಇವು ಆ ಅಗ್ಗದ ಸಾಗಣೆಯ ನಿಜವಾದ ಬೆಲೆಯ ಭಾಗವಾಗಿದ್ದವು. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯನ್ನು ದೇಶದ ಶಕ್ತಿಮೂಲಗಳ ಲೆಕ್ಕದಲ್ಲಿ ಸೇರಿಸಬೇಕೆಂದೂ, ನೊಗ ಮತ್ತು ಚಕ್ರಗಳನ್ನು ಸುಧಾರಿಸಿ ಮೂಕಪ್ರಾಣಿಯ ನೋವನ್ನು ತಗ್ಗಿಸಬೇಕೆಂದೂ ದಶಕಗಳ ಕಾಲ ವಾದಿಸಿದರು. ಅವರ ಮಾತು ಯೋಜನೆಗಳ ಕಾಗದಕ್ಕೆ ತಲುಪಿದಷ್ಟು ಗಾಡಿಯ ಮೂಕಿಗೆ ತಲುಪಲಿಲ್ಲವೆಂಬುದು ವಿಷಾದದ ಸಂಗತಿ.

ಟೈರ್ ಗಾಡಿ ಬಂದಾಗ ಅದೇ ಜೋಡಿ ಹಿಂದಿಗಿಂತ ಹೆಚ್ಚು ಹೊರೆ ಎಳೆಯಿತು. ಟ್ರ್ಯಾಕ್ಟರು ಬಂದಾಗ ಜೋಡಿಯೇ ಬೇಡವಾಯಿತು. ಶಿವರಾತ್ರಿಯ ಸುಮಾರಿಗೆ ನಡೆಯುವ ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳು ಇಂದಿಗೂ ಸಾಲುಗಟ್ಟುತ್ತವೆ, ಆದರೆ ಅಲ್ಲಿ ಈಗ ಹೆಚ್ಚು ನಡೆಯುವುದು ಮೈಕಟ್ಟು ಮತ್ತು ಮೆರವಣಿಗೆಯ ಮಾತು. ಅದೇ ಬೆಟ್ಟದ ಸುತ್ತ ಕಲ್ಲುಗಣಿಗಳು ಬೆಳೆದು, ರಸ್ತೆ ಮತ್ತು ಕಟ್ಟಡಗಳಿಗೆ ಜಲ್ಲಿ ಒದಗಿಸುವ ಸ್ಫೋಟಗಳಿಂದ ಕನ್ನಂಬಾಡಿ ಕಟ್ಟೆಗೆ ಧಕ್ಕೆಯಾದೀತೆಂಬ ಆತಂಕ ಹಬ್ಬಿ, ಕೊನೆಗೆ 2024ರ ಜನವರಿಯಲ್ಲಿ ರಾಜ್ಯ ಹೈಕೋರ್ಟು ಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಯಬೇಕಾಯಿತು.

ಎತ್ತು ಮರೆಯಾದದ್ದರ ಪರಿಣಾಮ ಎಲ್ಲರ ಕಣ್ಣಿಗೆ ಬೀಳುವುದು ಸುಗ್ಗಿಯ ದಿನಗಳಲ್ಲಿ, ಡಾಂಬರು ರಸ್ತೆಯ ಮೇಲೆ. ಹಿಂದೆ ಪ್ರತಿ ಮನೆತನಕ್ಕೂ ಸಗಣಿ ಸಾರಿಸಿದ ಕಣವಿತ್ತು, ಅಲ್ಲಿ ಎತ್ತುಗಳು ಎಳೆಯುವ ರೋಣಗಲ್ಲು ರಾಗಿಯ ತೆನೆಯನ್ನು ಉದುರಿಸುತ್ತಿತ್ತು. ಎತ್ತು ಹೋದ ಮೇಲೆ ಕಣವೂ ಸೈಟಾಯಿತು, ಕೂಲಿಯೂ ಏರಿತು. ಹಾಗಾಗಿ ರಾಗಿಯನ್ನೂ ಹುರುಳಿಯನ್ನೂ ರಸ್ತೆಗೆ ಹರಡಿ, ಹಾದುಹೋಗುವ ಬಸ್ಸು ಲಾರಿಗಳ ಚಕ್ರಗಳಿಂದ ಒಕ್ಕಣೆ ಮಾಡಿಸುವ ರೂಢಿ ಬೇರೂರಿತು. ಇದರಲ್ಲಿ ರೈತನಿಗೆ ಶಕ್ತಿ ಪುಕ್ಕಟೆ, ಆದರೆ ಅದರ ಬೆಲೆಯನ್ನು ತೆರುವವನು ಬೈಕಿನಲ್ಲಿ ಬರುವ ಮತ್ತೊಬ್ಬ ರೈತನ ಮಗ. ಹುಲ್ಲಿನ ಮೇಲೆ ಚಕ್ರ ಜಾರಿ ಬಿದ್ದವರೂ ಉಂಟು, ಹುರುಳಿಯ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಉಂಟು. ಪ್ರತಿ ವರ್ಷ ಪೊಲೀಸರು ಎಚ್ಚರಿಕೆ ನೀಡುತ್ತಾರೆ, ಆದರೆ ಊರಿಗೊಂದು ಸಾಮೂಹಿಕ ಕಣ ಎಲ್ಲೆಡೆ ಸಿದ್ಧವಾಗದೆ ಬರಿಯ ಎಚ್ಚರಿಕೆಯಿಂದ ಈ ರೂಢಿ ನಿಲ್ಲಲಾರದು.

ಬೆಲ್ಲ ಕಾಯಿಸುವ ಆಲೆಮನೆಯ ಬದಲಾವಣೆ ಇನ್ನೂ ಸೂಕ್ಷ್ಮವಾದದ್ದು. ಎತ್ತಿನ ಗಾಣದಲ್ಲಿ ನಿಂತ ಉರುಳೆಗಳ ನಡುವೆ ಕಬ್ಬು ನಿಧಾನವಾಗಿ ಜಾರುತ್ತಿದ್ದುದರಿಂದ, ಕೈ ಸಿಕ್ಕರೂ ಕೂಗಿದೊಡನೆ ಎತ್ತನ್ನು ನಿಲ್ಲಿಸಬಹುದಾಗಿತ್ತು. ಡೀಸೆಲ್ ಎಂಜಿನ್ನು, ಅನಂತರ ವಿದ್ಯುತ್ ಮೋಟಾರು ಬಂದಾಗ ಅರೆಯುವ ವೇಗ ಹಲವು ಪಟ್ಟು ಏರಿತು, ಆದರೆ ಕಬ್ಬನ್ನು ಉರುಳೆಗೆ ನೂಕುವುದು ಮಾತ್ರ ಮನುಷ್ಯನ ಕೈಯಾಗಿಯೇ ಉಳಿಯಿತು; ಉರುಳೆಯ ಬಾಯಿಗೆ ಮರೆ ಇಲ್ಲದ, ಓಡುವ ಬೆಲ್ಟಿಗೆ ಕವಚವಿಲ್ಲದ, ಸ್ವಿಚ್ಚು ಕೈಗೆಟುಕದ ಆಲೆಮನೆಯಲ್ಲಿ ತೋಳಿನ ಅಂಗಿಯೋ ಸೀರೆಯ ಸೆರಗೋ ಸಿಕ್ಕರೆ ಯಂತ್ರಕ್ಕೆ ಕೂಗು ಕೇಳಿಸುವುದಿಲ್ಲ. ಕೊಪ್ಪರಿಗೆಯ ಪಕ್ಕದಲ್ಲಿ ಮಡ್ಡಿ ತೆಗೆಯುವವನು ಕುದಿಯುವ ಹಾಲಿನ ಮೇಲೆ ಬಾಗಿ ನಿಲ್ಲುವುದು ಅಂದಿನಂತೆಯೇ ಇಂದಿಗೂ ಇದೆ. ಹೊಲದ ಒಡೆಯನೇ ಗಾಣಕ್ಕೆ ಕಬ್ಬು ಕೊಡುತ್ತಿದ್ದ ಕಾಲ ಹೋಗಿ ಹೊರರಾಜ್ಯದ ಕೂಲಿಯವರು ಹಂಗಾಮು ಪೂರ್ತಿ ಅಲ್ಲೇ ಬಿಡಾರ ಹೂಡುವ ಕಾಲ ಬಂದಾಗ, ಅಪಾಯವೂ ಊರಿನವರಿಂದ ಊರಿಗೆ ಪರಕೀಯರಾದವರ ಕೈಗೆ ದಾಟಿತು.

ಉರುವಲಿನ ವಿಷಯದಲ್ಲಿ ಹಳೆಯ ಆಲೆಮನೆ ತನ್ನಷ್ಟಕ್ಕೆ ಪೂರ್ಣವಾಗಿತ್ತು. ಒಂದು ಟನ್ ಕಬ್ಬಿನಿಂದ ಸುಮಾರು 100 ಕೆ.ಜಿ. ಬೆಲ್ಲ ಸಿಗಬೇಕಾದರೆ ಅದರ ಹಲವು ಪಟ್ಟು ತೂಕದ ನೀರು ಆವಿಯಾಗಿ ಹೋಗಬೇಕು, ಮತ್ತು ಅದಕ್ಕೆ ಬೇಕಾದ ಉರಿಯನ್ನು ಅದೇ ಕಬ್ಬಿನ ಸಿಪ್ಪೆ ಬಿಸಿಲಿಗೆ ಒಣಗಿ ಒದಗಿಸುತ್ತಿತ್ತು. ಬೂದಿ ಮತ್ತೆ ಗದ್ದೆಗೆ ಹೋಗುತ್ತಿತ್ತು. ಸುಸ್ಥಿರತೆ, ಎಂದರೆ ಇಂದು ಬಳಸಿದ್ದು ನಾಳೆಯವರಿಗೂ ಒದಗುವಂತೆ ಉಳಿಯುವುದು, ಎಂಬ ಮಾತು ಬಳಕೆಗೆ ಬರುವ ಮೊದಲೇ ಅದರ ನಡೆ ಇಲ್ಲಿತ್ತು. ಆದರೆ ಯಂತ್ರದ ವೇಗಕ್ಕೆ ಸಿಪ್ಪೆ ಒಣಗುವ ವೇಗ ಸಾಟಿಯಾಗಲಿಲ್ಲ. ಹಸಿ ಸಿಪ್ಪೆ ಉರಿಯದೆ ಹೊಗೆಯಾಡತೊಡಗಿದಾಗ ಜಿಲ್ಲೆಯ ಕೆಲವು ಆಲೆಮನೆಗಳ ಒಲೆಗೆ ಹಳೆಯ ಟೈರು ಮತ್ತು ಪ್ಲಾಸ್ಟಿಕ್ ತ್ಯಾಜ್ಯ ಬಂದು ಬಿದ್ದವು. ಆ ಕಪ್ಪು ಹೊಗೆಯನ್ನು ಮೊದಲು ಉಸಿರಾಡುವವನು ಒಲೆಯ ಬಾಯಲ್ಲಿ ಕುಳಿತು ಉರಿ ಹಾಕುವವನು.

ದೊಡ್ಡ ಕಾರ್ಖಾನೆಗಳು ಇದೇ ಸಿಪ್ಪೆಯನ್ನು ಬೇರೆ ಬಗೆಯಲ್ಲಿ ದುಡಿಸಿಕೊಳ್ಳುವುದನ್ನು ಕಲಿತವು. ಸಿಪ್ಪೆಯನ್ನು ಬಾಯ್ಲರಿನಲ್ಲಿ ಉರಿಸಿ, ಹೆಚ್ಚು ಒತ್ತಡದ ಹಬೆಯಿಂದ ಟರ್ಬೈನು ತಿರುಗಿಸಿ ವಿದ್ಯುತ್ ಪಡೆದು, ಅದೇ ಹಬೆಯ ಉಳಿದ ಶಾಖದಿಂದ ಕಬ್ಬಿನ ಹಾಲನ್ನು ಕಾಯಿಸುವ ಈ ವಿಧಾನಕ್ಕೆ ಸಹವಿದ್ಯುತ್ ಉತ್ಪಾದನೆ ಎಂದು ಹೆಸರು. ಕಾರ್ಖಾನೆಗೆ ಬೇಕಾದಷ್ಟು ಉಳಿಸಿಕೊಂಡು ಮಿಕ್ಕ ವಿದ್ಯುತ್ತನ್ನು ಜಾಲಕ್ಕೆ ಮಾರಬಹುದು. ಇದರ ಜೊತೆಗೆ ಕಾಕಂಬಿಯಿಂದ ತೆಗೆದ ಎಥೆನಾಲ್ ಪೆಟ್ರೋಲಿಗೆ ಬೆರೆಯುತ್ತಿದೆ. 1948ರಲ್ಲೇ ಇಂಧನ ಮದ್ಯಸಾರಕ್ಕೆಂದು ದೇಶದಲ್ಲಿ ಕಾಯಿದೆಯಾಗಿತ್ತಾದರೂ, ನೂರಕ್ಕೆ 20 ಪಾಲು ಬೆರೆಸುವ ಗುರಿಯನ್ನು 2030ರಿಂದ 2025ಕ್ಕೆ ಹಿಂದಕ್ಕೆಳೆದ ಮೇಲೆ ಅದಕ್ಕೆ ನಿಜವಾದ ಬಿರುಸು ಬಂತು. ಎರಡನೆಯ ಮಹಾಯುದ್ಧದ ಪೆಟ್ರೋಲ್ ಬರಗಾಲದಲ್ಲಿ ಇದ್ದಿಲಿನ ಅನಿಲದಿಂದ ಓಡುತ್ತಿದ್ದ ಬಸ್ಸುಗಳ ಮಾತನ್ನು ಕೇಳಿ ಬೆಳೆದವರಿಗೆ ಗದ್ದೆಯ ಬೆಳೆಯಿಂದ ವಾಹನ ಓಡುವುದು ಅಚ್ಚರಿಯೇನಲ್ಲ. ಆದರೆ ಕಬ್ಬು ನೀರು ಕುಡಿಯುವ ಬೆಳೆ, ಕಾವೇರಿಯ ನೀರು ಮಳೆ ಕೈಕೊಟ್ಟಾಗಲೆಲ್ಲ ಜಗಳದ ವಸ್ತು. ಇಂಧನವನ್ನು ಹಸಿರೆನ್ನುವ ಮುನ್ನ ಆ ನೀರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದು ಅರ್ಧ ಲೆಕ್ಕವೇ ಸರಿ. ಸಾಗಣೆಗೆ ಸುಟ್ಟ ಡೀಸೆಲ್ಲೂ ಆ ಲೆಕ್ಕಕ್ಕೆ ಸೇರಬೇಕು: ಪಾಂಡವಪುರದ ಸಹಕಾರಿ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಮುಚ್ಚಿದ್ದು 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು, ಮತ್ತು ಅದು ನಿಂತಿದ್ದ ವರ್ಷಗಳಲ್ಲಿ ಇಲ್ಲಿನ ಕಬ್ಬು ಹೆಚ್ಚು ದೂರದ ಕಾರ್ಖಾನೆಗಳಿಗೆ ಡೀಸೆಲ್ ಸುಟ್ಟುಕೊಂಡು ಸಾಗಿತು.

ಇನ್ನು ದಾರಿಗಳ ವಿಷಯಕ್ಕೆ ಬಂದರೆ, ನಾಲೆಯ ದಂಡೆಯ ರಸ್ತೆಗಳು ಮೊದಲಿಗೆ ನೀರಾವರಿಯ ಕೆಲಸಕ್ಕೆಂದು, ಎಂದರೆ ತೂಬು ನೋಡುವವರು, ಹೂಳು ತೆಗೆಯುವವರು ಓಡಾಡಲೆಂದು ಆದಂಥವು. ಗಾಡಿಯ ನಡಿಗೆಗೆ ಅವು ಸಾಕಾಗಿದ್ದವು. ಅದೇ ದಂಡೆಗೆ ಡಾಂಬರು ಬಿದ್ದು ಬಸ್ಸು, ಕಾರು, ಟ್ರ್ಯಾಕ್ಟರುಗಳು ಓಡತೊಡಗಿದಾಗ, ವೇಗ ಎರಡರಷ್ಟಾದರೆ ವಾಹನದ ಚಲನಶಕ್ತಿ ನಾಲ್ಕರಷ್ಟಾಗುತ್ತದೆಂಬ ಸರಳ ನಿಯಮಕ್ಕೆ ತಕ್ಕಂತೆ ದಂಡೆಗೆ ತಡೆಗೋಡೆ ಏಳಲಿಲ್ಲ. 2018ರ ನವೆಂಬರ್ 24ರ ಶನಿವಾರ ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ, ಮಂಡ್ಯದತ್ತ ಹೊರಟಿದ್ದ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ, ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಸೇರಿದಂತೆ 30 ಮಂದಿ ನೀರುಪಾಲಾದರು. ಅದೇ ರಾತ್ರಿ ಮಂಡ್ಯದ ಚಿತ್ರನಟ ಅಂಬರೀಷ್ ತೀರಿಕೊಂಡ ಸುದ್ದಿ ಬಂದು ಇಡೀ ಜಿಲ್ಲೆ ಎರಡು ಬಗೆಯ ಸೂತಕದಲ್ಲಿ ಮುಳುಗಿತು. ಒಂದು ಸಾವಿಗೆ ನಾಡೆಲ್ಲ ನೆರೆಯಿತು, ಇನ್ನೊಂದು ದುಃಖ ಹಳ್ಳಿಯ ಹಟ್ಟಿಗಳಲ್ಲೇ ಉಳಿಯಿತು. ತಡೆಗೋಡೆಯ ಮಾತು ಅಂದು ಎದ್ದಿತು, ಅಲ್ಲಲ್ಲಿ ಕೆಲಸವೂ ಆಯಿತು. ಆದರೂ 2023ರ ಜುಲೈನಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿಯ ಬಳಿ, ಅದೇ ವರ್ಷದ ನವೆಂಬರಿನಲ್ಲಿ ಪಾಂಡವಪುರದ ಬನಘಟ್ಟದ ಬಳಿ ಕಾರುಗಳು ನಾಲೆಗೆ ಬಿದ್ದು ಮತ್ತೆ ಜೀವಗಳು ಹೋದವು. ಹರಿಯುವ ನಾಲೆಯ ಪಕ್ಕದಲ್ಲಿ ತಡೆಗೋಡೆಯಿಲ್ಲದ ರಸ್ತೆಯನ್ನು ಅರೆಬರೆ ಕಾಮಗಾರಿಯೆಂದೇ ಪರಿಗಣಿಸಬೇಕು. ಡಾಂಬರಿನ ಬಿಲ್ಲು ಪಾವತಿಯಾಗುವ ಮೊದಲು ಗೋಡೆ ನಿಲ್ಲಬೇಕು.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಮಂಡ್ಯ ಜಿಲ್ಲೆಯಲ್ಲೇ ಉದ್ಘಾಟನೆಯಾಯಿತು, ಮತ್ತು ಸರಣಿ ಅಪಘಾತಗಳ ನಂತರ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು, ಎತ್ತಿನ ಗಾಡಿಗಳನ್ನು ಅದರ ಮುಖ್ಯ ಪಥದಿಂದ ಹೊರಗಿಡಲಾಯಿತು. ವೇಗದ ವ್ಯತ್ಯಾಸವೇ ಅಪಾಯವಾದ್ದರಿಂದ ಈ ನಿರ್ಧಾರ ಸರಿಯಾದದ್ದು. ಆದರೆ ಹೊರಗಿಟ್ಟ ವಾಹನಗಳು ಇಲ್ಲವಾಗುವುದಿಲ್ಲ. ಅವು ಸರ್ವಿಸ್ ರಸ್ತೆಗೆ, ನಾಲೆಯ ದಂಡೆಗೆ, ತೊಣ್ಣೂರಿನಂಥ ಊರುಗಳ ಬೀದಿದೀಪವಿಲ್ಲದ ತಿರುವುಗಳಿಗೆ ಸರಿಯುತ್ತವೆ. ವಾರಾಂತ್ಯದಲ್ಲಿ ತೊಣ್ಣೂರು ಕೆರೆ ನೋಡಲು ಬರುವ ನಗರದ ಕಾರುಗಳು ಮತ್ತು ಹಂಗಾಮಿನ ಕಬ್ಬಿನ ಟ್ರ್ಯಾಕ್ಟರುಗಳು ಎದುರಾಗುವುದು ಅಂಥ ತಿರುವುಗಳಲ್ಲೇ. ಅರೆಯುವ ಹಂಗಾಮು ಶುರುವಾದಾಗ ಟ್ರೇಲರುಗಳ ಹಿಂಬದಿಗೆ ಹೊಳೆಯುವ ಪಟ್ಟಿಯನ್ನು ಅಂಟಿಸುವ ಅಭಿಯಾನ ನಡೆಯುತ್ತದೆ, ಆದರೆ ಹೊರೆ ತುಂಬಿದ ಮೇಲೆ ಕಬ್ಬಿನ ತುದಿಗಳು ಹಿಂದಕ್ಕೆ ಜೋತುಬಿದ್ದು ಆ ಪಟ್ಟಿಯನ್ನೇ ಮುಚ್ಚಿಬಿಡುತ್ತವೆ. ಪಟ್ಟಿಯೋ ಕೆಂಪು ದೀಪವೋ ಟ್ರೇಲರಿನ ಹಲಗೆಗಲ್ಲದೆ ಹೊರೆಯ ಹೊರತುದಿಗೇ ಕಟ್ಟಿರಬೇಕು. ಪ್ರತಿ ಹೊರೆಯೂ ತಪ್ಪದೆ ನಿಲ್ಲುವ ಒಂದೇ ಜಾಗ ಕಾರ್ಖಾನೆಯ ತೂಕದ ಕಾಟಾ ಆಗಿರುವುದರಿಂದ, ಪಟ್ಟಿಯೋ ದೀಪವೋ ಇಲ್ಲದೆ ಬಂದ ಟ್ರ್ಯಾಕ್ಟರಿಗೆ ಒಂದೊಂದು ದೀಪವನ್ನು ಕಾರ್ಖಾನೆಯೇ ಕಟ್ಟಿಸಿ ಕಳುಹಿಸುವ ಹೊಣೆಯನ್ನು ಅಲ್ಲಿಯೇ ಗೊತ್ತುಮಾಡಬಹುದು.